ಸತ್ಯಾಂಶ: ದಾನವಾಗಿ ಬಂದ ಎಕ್ಸ್-ರೇ ಯಂತ್ರ ವಿಕಿರಣ ಸೋರುತ್ತದೆಯೇ?

ಶ್ರೀಮಂತ ದೇಶಗಳು ಆಫ್ರಿಕಾದ ಆಸ್ಪತ್ರೆಗಳಿಗೆ ಕೊಡುವ ಹಳೆಯ ಎಕ್ಸ್-ರೇ ಯಂತ್ರಗಳು ನಿಂತಲ್ಲೇ ವಿಕಿರಣ ಸೋರುತ್ತವೆ ಎನ್ನುವ ಫಾರ್ವರ್ಡ್ ತಪ್ಪು.

ಎಕ್ಸ್-ರೇ ಟ್ಯೂಬಿನಲ್ಲಿ ವಿಕಿರಣಶೀಲ ವಸ್ತುವೇ ಇರುವುದಿಲ್ಲ. ಸಾವಿರಾರು ವೋಲ್ಟ್ ಕೊಟ್ಟಾಗ, ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಟಂಗ್‌ಸ್ಟನ್‌ಗೆ ಬಡಿದ ಕ್ಷಣ ಮಾತ್ರ ಕಿರಣ ಹುಟ್ಟುತ್ತದೆ. ಸ್ವಿಚ್ ಆರಿಸಿದರೆ ಮುಗಿಯಿತು. ಭಯಕ್ಕೆ ಕಾರಣವಿಲ್ಲದಿಲ್ಲ: 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ, ಖಾಲಿ ಮಾಡಿ ಹೋದ ಕ್ಲಿನಿಕ್ಕಿನಲ್ಲಿ ಬಿಟ್ಟಿದ್ದ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತು ನಾಲ್ವರನ್ನು ಬಲಿ ತೆಗೆದುಕೊಂಡಿತು. ಆದರೆ ಅದು ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ್ದು.

ನಿಜವಾಗಿ ನೋಯಿಸುವುದು ಬೇರೆ. ಕರೆಂಟಿನ ಏರಿಳಿತ, ಸಿಗದ ಬಿಡಿಭಾಗ, ನಡೆಸಬಲ್ಲವರ ಕೊರತೆಯಿಂದ ಒಳ್ಳೆಯ ಯಂತ್ರಗಳೂ ಧೂಳು ಹಿಡಿಯುತ್ತವೆ. ಅದಕ್ಕೇ 2008ರಲ್ಲಿ ಅಮೆರಿಕದಲ್ಲಿ ಶುರುವಾದ ರ್ಯಾಡ್-ಏಡ್ ಸಂಸ್ಥೆ ಮೊದಲು ಆಸ್ಪತ್ರೆಯ ವಿದ್ಯುತ್, ಸಿಬ್ಬಂದಿ, ಅಗತ್ಯಗಳನ್ನು ಪರಿಶೀಲಿಸುತ್ತದೆ. ಯಂತ್ರದ ಜೊತೆಗೆ ಅಲ್ಲಿನ ವೈದ್ಯರಿಗೂ ತಂತ್ರಜ್ಞರಿಗೂ ತರಬೇತಿ ಕೊಡುತ್ತದೆ.