ಕೋಸಿಗೂ ಜಾತಿ ಕೇಳಿದಾಗ

ಭಾನುವಾರ ದೇವರಾಜ ಮಾರ್ಕೆಟ್ಟಿಗೆ ಹೋಗಿದ್ದೆ. ಒಂದು ಎಲೆಕೋಸು, ಒಂದು ಹೂಕೋಸು, ನಾಲ್ಕು ಗೆಡ್ಡೆಕೋಸು ಚೀಲ ಸೇರಿದವು. ಸುಮ್ನೆ ಇರಲಾರದೆ, "ಇವು ಮೂರೂ ಒಂದೇ ಜಾತಿ ಕಣಮ್ಮಾ" ಅಂದುಬಿಟ್ಟೆ. ತರಕಾರಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ಎಲ್ಲದಕ್ಕೂ ಹೂಕೋಸಿನ ರೇಟೇ ಹಾಕ್ತೀನಿ ಬುಡಿ" ಅಂದರು.

ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟೆ. ಆದರೆ ನಾನು ಹೇಳಿದ್ದು ಸುಳ್ಳಲ್ಲ. ಯುರೋಪಿನ ಕಡಲಂಚಿನ ಕಾಡುಕೋಸನ್ನು ಜನ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆದು, ಒಂದು ಕಡೆ ಎಲೆ ಉಬ್ಬಿಸಿದರು, ಇನ್ನೊಂದು ಕಡೆ ಹೂ, ಮತ್ತೊಂದು ಕಡೆ ಕಾಂಡ. (ಗೆಡ್ಡೆಕೋಸು ಗೆಡ್ಡೆಯೇ ಅಲ್ಲ, ಊದಿಕೊಂಡ ಕಾಂಡ.) ಕೀಳದೆ ಬಿಟ್ಟರೆ ಮೂರೂ ನಾಲ್ಕೆಸಳಿನ ಹೂ ಬಿಡುತ್ತವೆ, ಅಕ್ಕಪಕ್ಕದಲ್ಲಿದ್ದರೆ ಜೇನುಹುಳ ಸಂಬಂಧ ಕುದುರಿಸಿಯೇ ಬಿಡುತ್ತದೆ, ಅದಕ್ಕೇ ಬೀಜಕ್ಕೆ ಬೆಳೆಯುವವರು ಇವನ್ನು ದೂರ ದೂರ ಹಾಕುವುದು.

ನಮ್ಮ ಕಡೆ "ಯಾವ ಜನ ನೀವು?" ಅಂತ ಕೇಳುತ್ತಾರಲ್ಲ, ಹೆಣ್ಣು ಕೊಟ್ಟು ತರೋರೆಲ್ಲ ಒಂದೇ ಜನ ಅನ್ನೋ ಲೆಕ್ಕ. 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಹೇಳಿದ್ದೂ ಹೆಚ್ಚುಕಡಿಮೆ ಅದೇ. ತಮ್ಮತಮ್ಮಲ್ಲೇ ಕೂಡಿ ಸಂತಾನ ಬೆಳೆಸುವ, ಹೊರಗಿನವರ ಜೊತೆ ಹಾಗೆ ಬೆರೆಯದ ಗುಂಪು ಒಂದು ಪ್ರಭೇದ. ನೋಟ ಹೇಗಾದರೂ ಇರಲಿ, ಬೀಗತನ ಮುಖ್ಯ. ಬನ್ನೂರು ಕುರಿ ಎಷ್ಟೇ ಹೆಸರುವಾಸಿಯಾದರೂ ಬರೀ ತಳಿ, ಬೇರೆ ಪ್ರಭೇದ ಅಲ್ಲ.

ಈ ಲೆಕ್ಕ ನನಗೆ ಬಹಳ ಹಿಡಿಸಿತ್ತು, ಊಟ ಆಗಿ ಬಾಳೆಹಣ್ಣು ಸುಲಿಯುವ ತನಕ. ಅದೇ ಮಾರ್ಕೆಟ್ಟಿನಿಂದ ತಂದ ಒಂದು ಚಿಪ್ಪು ನಂಜನಗೂಡು ರಸಬಾಳೆ. ಅಡ್ಡಕ್ಕೆ ಕತ್ತರಿಸಿದರೆ ನಡುವೆ ಸಣ್ಣ ಕಪ್ಪು ಚುಕ್ಕೆಗಳು. ಬೀಜ ಆಗಬೇಕಾಗಿತ್ತು, ಆಗಲಿಲ್ಲ. ಎರಡು ಕಾಡುಬಾಳೆಗಳು ಬೆರೆತು ಹುಟ್ಟಿದ್ದು ಇದು. ವರ್ಣತಂತುಗಳು (ಕ್ರೋಮೋಸೋಮು) ಎರಡು ಸೆಟ್ ಇರಬೇಕಾದಲ್ಲಿ ಮೂರು ಸೆಟ್ ಇವೆ, ಸಮನಾಗಿ ಪಾಲಾಗುವುದಿಲ್ಲ, ಬೀಜ ಕಟ್ಟುವುದಿಲ್ಲ. ಕಂದು ಕಿತ್ತು ನೆಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ತೋಟದಲ್ಲಿರುವುದೆಲ್ಲ ಒಂದೇ ಗಿಡದ ಅಚ್ಚು ಇದ್ದ ಹಾಗೆ, ಪನಾಮ ಸೊರಗು ರೋಗ ಬಂದಾಗ ಸಾಲುಸಾಲಾಗಿ ಮಲಗಿದ್ದಕ್ಕೆ ಅದೂ ಒಂದು ಕಾರಣ. ಯಾರ ಜೊತೆಗೂ ಸಂಬಂಧ ಬೆಳೆಸದ ಈ ಸನ್ಯಾಸಿಯನ್ನು ಮೇಯರ್ ಯಾವ ಜನ ಅಂತ ಬರೆದುಕೊಳ್ಳಬೇಕು?

ಗಿಡ, ಪ್ರಾಣಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ಗೂ ಬಾಳೆ ಕೈಕೊಟ್ಟಿತ್ತು. 1753ರಲ್ಲಿ ಒಂದನ್ನು ಸ್ವರ್ಗದ ಬಾಳೆ ಅಂತ, 1759ರಲ್ಲಿ ಇನ್ನೊಂದನ್ನು ಜ್ಞಾನಿಗಳ ಬಾಳೆ ಅಂತ, ಎರಡು ಬೇರೆ ಪ್ರಭೇದ ಮಾಡಿದ. ಎರಡೂ ಬೆರಕೆ. ಆ ಜ್ಞಾನಿಗಳ ಬಾಳೆ ನಮ್ಮ ರಸಬಾಳೆಯ ಹತ್ತಿರದ ನೆಂಟ.

ಇಷ್ಟನ್ನೂ ನಾನು ಕೈಯಲ್ಲಿ ಹಣ್ಣು ಹಿಡಿದುಕೊಂಡು ಹೆಂಡತಿಗೆ ವಿವರಿಸುತ್ತಿದ್ದೆ. ಅವಳು ಒಂದು ತುಂಡು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಇದು ರಸಬಾಳೆ ಅಲ್ಲ ಕಣ್ರೀ. ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ."