ಇದು ನಮ್ಮ ಆನೆ ಅಲ್ಲ ಸ್ವಾಮಿ

ಯಾವ ಕಚೇರಿ ಅಂತ ಕೇಳಬೇಡಿ. ಹಾಸನದಲ್ಲಿದೆ, ಮೊದಲನೇ ಮಹಡಿ, ಲಿಫ್ಟ್ ಇಲ್ಲ. ಅಷ್ಟು ಸಾಕು. ನಾನು ಅಲ್ಲಿ ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್, ಅಂದರೆ ಸಾಹೇಬರ ಪಿಪಿಟಿ ಮಾಡುವವನು.

ಸಕಲೇಶಪುರ, ಆಲೂರು, ಬೇಲೂರು ಕಡೆಯ ಆನೆ ಕಾಟದ ಬಗ್ಗೆ ಮೇಲಿನವರಿಗೆ ಒಂದು ಪಿಪಿಟಿ ತೋರಿಸಬೇಕಿತ್ತು. ಹಳೇದು ಇತ್ತು. ಅದರಲ್ಲಿ ಇಸವಿ ಒಂದು ಬದಲಿಸಿದರೆ ಮುಗೀತು, ಪ್ರತಿ ಸಲ ಮಾಡೋದೇ ಅದು, ಯಾಕಂದರೆ ಆನೆ ಬರೋದೂ ನಿಂತಿಲ್ಲ, ನಾವು ಬರೆಯೋ ಪರಿಹಾರವೂ ಬದಲಾಗಿಲ್ಲ. ಆದರೆ ಈ ಸಲ ಸಾಹೇಬರು ಬೆಂಗಳೂರಿನಲ್ಲಿ ಎರಡು ದಿನದ ಟ್ರೇನಿಂಗ್ ಮುಗಿಸಿ, ಒಂದು ಬ್ಯಾಗು, ಒಂದು ಪೆನ್ನು, ಒಂದು ಹೊಸ ಪದ ತಗೊಂಡು ಬಂದಿದ್ದರು. "ಇನ್ಮೇಲೆ ಸ್ಲೈಡ್ ಎಲ್ಲ ಎಐನಲ್ಲೇ ಆಗಬೇಕು."

ಸರಿ ಸರ್, ಯಾವ ಎಐ? ಯಾರೋ ಬಾಯಿ ತಪ್ಪಿ ಕೇಳಿಬಿಟ್ಟರು. ಸೋಮವಾರ ಸಭೆ ಅಂತ ಆಯ್ತು.

ಸಭೆಯಲ್ಲಿ ಖಾರಾಬಾತ್ ಬರುವ ಮೊದಲೇ ನಾಲ್ಕು ಪಕ್ಷ ಆಗಿತ್ತು. ಎಫ್‌ಡಿಎ ಮೇಡಂ ಕ್ಯಾನ್ವಾ ಅಂದರು, ಮೊಮ್ಮಗಳ ನಾಮಕರಣದ ಕಾರ್ಡು ಅದರಲ್ಲೇ ಮಾಡಿದ್ದಂತೆ. ಹೊಸದಾಗಿ ಸೇರಿದ ಹುಡುಗ ಗ್ಯಾಮಾ ಅಂದ, ಒಂದು ಸಾಲು ಟೈಪ್ ಮಾಡಿದರೆ ಇಡೀ ಕಟ್ಟು ಸ್ಲೈಡ್ ಉದುರುತ್ತೆ ಅಂತ. ಮ್ಯಾನೇಜರ್ ಪವರ್‌ಪಾಯಿಂಟ್ ಒಳಗೇ ಕೋಪೈಲಟ್ ಇದೆಯಲ್ಲಾ ಅಂದರು. ಇದೆ ಸರ್, ನಮ್ಮ ಕಂಪ್ಯೂಟರಿನಲ್ಲಿ ಇರೋದು 2007ರ ಪವರ್‌ಪಾಯಿಂಟ್. ಇನ್ನೊಬ್ಬರು ಜೆಮಿನಿ ಅಂದರು, ಯಾಕೆ ಅಂತ ಕೇಳಿದ್ದಕ್ಕೆ "ಅದೂ ಇರಲಿ" ಅಂದರು.

"ಹೋಲಿಸಿ ಒಂದು ಪಿಪಿಟಿ ಮಾಡಿ," ಅಂದರು ಸಾಹೇಬರು. ಪಿಪಿಟಿ ಮಾಡುವ ಟೂಲನ್ನು ಆರಿಸಲು ಒಂದು ಪಿಪಿಟಿ. ಇಪ್ಪತ್ತೆರಡು ಸ್ಲೈಡ್ ಮಾಡಿದೆ. ಆ 2007ರದ್ದರಲ್ಲೇ. ಯಾರಿಗೂ ಗೊತ್ತಾಗಲಿಲ್ಲ. "ನೋಡಿ, ಎಐ ಅಂದರೆ ಹೀಗೆ" ಅಂತ ಸಾಹೇಬರು ಬೆನ್ನು ತಟ್ಟಿದರು.

ಎರಡನೇ ಸಭೆಗೆ ಅಕೌಂಟ್ಸ್ ಸೆಕ್ಷನ್ ಬಂತು. ಟೂಲಿಗೆ ತಿಂಗಳ ಬಾಡಿಗೆ ಕಟ್ಟಬೇಕು, ಸರಿ, ಯಾವ ಹೆಡ್‌ನಲ್ಲಿ? ಸ್ಟೇಷನರಿಯಾ, ದುರಸ್ತಿಯಾ? ಮತ್ತೆ ಮೂರು ಕೊಟೇಶನ್ ಬೇಕು, ಲೆಟರ್‌ಹೆಡ್ ಮೇಲೆ, ಸೀಲು ಸಹಿ ಸಮೇತ. ಕ್ಯಾನ್ವಾ ಇರೋದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸರ್, ಗ್ಯಾಮಾ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅಂದೆ. "ಅಲ್ಲಿ ಸೀಲು ಇರಲ್ವಾ?" ಅಂದರು. ಇರಬಹುದು. 1987ರಲ್ಲಿ ಫೋರ್‌ಥಾಟ್ ಅನ್ನುವ ಸಣ್ಣ ಕಂಪನಿ ಮ್ಯಾಕಿಂತೋಷ್‌ಗೆ ಅಂತ ಪವರ್‌ಪಾಯಿಂಟ್ ಬಿಟ್ಟಿತು, ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಎಣಿಸಿ ಇಡೀ ಕಂಪನಿಯನ್ನೇ ಕೊಂಡಿತು. ಅಲ್ಲಿ ನಮ್ಮ ಅಕೌಂಟ್ಸ್ ಸೆಕ್ಷನ್ ಇದ್ದಿದ್ದರೆ ಕೊಟೇಶನ್ ಇಲ್ಲ ಅಂತ ಫೈಲು ವಾಪಸ್ ಬಂದು, ನಾವೆಲ್ಲ ಇವತ್ತಿಗೂ ಚಾರ್ಟ್ ಪೇಪರ್ ಮೇಲೆ ಸ್ಕೆಚ್ ಪೆನ್ನಲ್ಲಿ ಬರೀತಾ ನೆಮ್ಮದಿಯಾಗಿ ಇರುತ್ತಿದ್ದೆವು.

ಹಾಗಾದರೆ ಫ್ರೀ ಇರೋದು ತಗೊಳ್ಳಿ ಅಂತ ತೀರ್ಮಾನ. ಫ್ರೀಯಲ್ಲಿ ಮಾಡಿದರೆ ಕೆಲವು ಟೂಲು ಸ್ಲೈಡಿನ ಮೂಲೆಯಲ್ಲಿ ತಮ್ಮ ಹೆಸರು ಒತ್ತುತ್ತವೆ. ಸರ್ಕಾರಿ ಕಡತದ ಮೇಲೆ ಖಾಸಗಿ ಹೆಸರಾ ಅಂತ ಮ್ಯಾನೇಜರ್ ಗರಂ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಲ್ವಾ ಸರ್, ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ಗುತ್ತಿಗೆ ರಿನ್ಯೂವಲ್ ತಾರೀಖು ನೆನಪಾಯಿತು.

ಮೂರನೇ ಸಭೆ ಡೆಮೊ. ಯಾವ ಟೂಲ್ ಅಂತ ಹೇಳಲ್ಲ, ಅದರದ್ದೊಂದೇ ತಪ್ಪಲ್ಲ. ಹಳೇ ಅಂಕಿಅಂಶ ಎಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಆಗಿತ್ತು, ಈಗಿನ ಟೂಲುಗಳು ಓದುವ ಯೂನಿಕೋಡ್ ಅಲ್ಲ. ಹಾಗೇ ಪೇಸ್ಟ್ ಮಾಡಿದ್ದಕ್ಕೆ "ಕನ್ನಡ" ಅನ್ನುವ ಪದವೇ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ ಆಗಿ ಬಿತ್ತು. ಎಐ ಅದನ್ನು ಹಣಕಾಸಿನ ವಿಷಯ ಅಂದುಕೊಂಡು ಒಂದು ಗ್ರಾಫ್ ಹಾಕಿತು. ಗ್ರಾಫ್ ಮೇಲಕ್ಕೆ ಹೋಗುತ್ತಿತ್ತು, ಸಾಹೇಬರಿಗೆ ಖುಷಿ.

ಮುಂದಿನ ಸ್ಲೈಡಿಗೆ ಅರ್ಜುನ. ಎಂಟು ಸಲ ದಸರಾ ಅಂಬಾರಿ ಹೊತ್ತವನು, 2023ರ ಡಿಸೆಂಬರಿನಲ್ಲಿ ಯಸಳೂರಿನ ಹತ್ತಿರ ಕಾಡಾನೆ ಹಿಡಿಯಲು ಹೋಗಿ ಸತ್ತ, ಊರಿಗೆ ಊರೇ ಅತ್ತಿತ್ತು. ಎಐ ಅದಕ್ಕೆ "ನಮ್ಮ ಯಶೋಗಾಥೆ" ಅಂತ ಹೆಡ್ಡಿಂಗ್ ಕೊಟ್ಟು ಪಕ್ಕದಲ್ಲಿ ಒಂದು ರಾಕೆಟ್ ಇಟ್ಟಿತು. ಯಾರೂ ಮಾತಾಡಲಿಲ್ಲ. "ಬಣ್ಣ ಸ್ವಲ್ಪ ಜಾಸ್ತಿ ಆಯ್ತು," ಅಂದರು ಮೇಡಂ.

ಆಮೇಲೆ ಬಂತು ದೊಡ್ಡ ಚಿತ್ರ. ಕಾಫಿ ತೋಟದಲ್ಲಿ ಆನೆ. ತೋಟಕ್ಕೆ ನೆರಳೇ ಇಲ್ಲ, ಸಿಲ್ವರ್ ಓಕ್ ಇಲ್ಲ, ಮೆಣಸಿನ ಬಳ್ಳಿ ಇಲ್ಲ, ದೂರದಲ್ಲಿ ಕೊಡೆ ಬಿಚ್ಚಿಟ್ಟ ಹಾಗೆ ಒಂದು ಮರ. ಆನೆಯ ಕಿವಿ ಮೊರದಷ್ಟು ಅಗಲ, ಹಿಂದಿರುವ ಹೆಣ್ಣಾನೆಗೂ ಮಾರುದ್ದ ದಂತ.

ರೈತರ ಪರವಾಗಿ ಒಬ್ಬರು ಇರಬೇಕು ಅಂತ ಆಲೂರು ಕಡೆಯ ಯಜಮಾನರೊಬ್ಬರನ್ನು ಮೊದಲ ಸಭೆಯಿಂದಲೂ ಹಿಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಮೂರು ಸಭೆಯಲ್ಲಿ ಅವರು ಬಾಯಿ ಬಿಟ್ಟಿದ್ದು ಅದೇ ಮೊದಲು.

"ಇದು ನಮ್ಮ ಆನೆ ಅಲ್ಲ ಸ್ವಾಮಿ."

"ಆನೆ ಆನೆನೇ ಅಲ್ವೇನ್ರೀ," ಅಂದರು ಸಾಹೇಬರು.

"ಅಲ್ಲ ಸ್ವಾಮಿ. ಇದು ಆಫ್ರಿಕಾದ್ದು. ನಮ್ಮ ಹೆಣ್ಣಾನೆಗೆ ಎಲ್ಲಿಯ ದಂತ? ನಮ್ಮನೆ ಗದ್ದೆ ತುಳಿದಿದ್ದು ಬೇರೆ. ಅದರ ಹೆಸರೂ ಗೊತ್ತು, ಬರೋ ಟೈಮೂ ಗೊತ್ತು."

ಅಷ್ಟರಲ್ಲಿ ಅವರ ಫೋನು ಕುಯ್ಯೆಂದಿತು. ಊರಿನ ವಾಟ್ಸಾಪ್ ಗುಂಪು. ಕನ್ನಡಕ ಹಣೆಗೇರಿಸಿ ಗಟ್ಟಿಯಾಗಿ ಓದಿದರು: "ಏಳು ಆನೆ, ಕೆರೆ ಏರಿ ದಾಟಿವೆ, ಮಕ್ಕಳನ್ನ ಹೊರಗೆ ಬಿಡಬೇಡಿ." ಟವೆಲ್ ಹೆಗಲಿಗೆ ಹಾಕಿಕೊಂಡು, ಕಾಫಿ ಹಾಗೇ ಬಿಟ್ಟು ಎದ್ದು ಹೋದರು.

ಸಾಹೇಬರು ಅವರು ಹೋದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದರು. "ಎಷ್ಟು ಚೆನ್ನಾಗಿದೆ ನೋಡಿ ಆ ಮೆಸೇಜು," ಅಂದರು. "ಇದನ್ನೂ ಒಂದು ಸ್ಲೈಡ್ ಮಾಡಿ."

"ಯಾವುದರಲ್ಲಿ ಸರ್?" ಅಂತ ನಾನು ಕೇಳಬಾರದಿತ್ತು. ಮುಂದಿನ ಸಭೆ ಗುರುವಾರ ಹನ್ನೊಂದಕ್ಕೆ.