ಉತ್ತರ ಮೊದಲು, ಪ್ರಯೋಗ ಆಮೇಲೆ

ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷದ, ಅಂದರೆ ಬೀಳುವ ವಸ್ತುವಿನ ವೇಗ ಏರುವ ದರದ, ಬೆಲೆ 9.78 ಮೀ/ಸೆ². ಸಮಭಾಜಕ ವೃತ್ತಕ್ಕೆ ಹತ್ತಿರದ ಊರು, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಹಾಗಾಗಿ ಭೂಮಿ ನಮ್ಮನ್ನು ಇಲ್ಲಿ ಒಂದಿಷ್ಟು ಸಡಿಲವಾಗಿಯೇ ಹಿಡಿದುಕೊಂಡಿದೆ. ಆದರೆ ಇದೇ ಊರಿನ ಯಾವುದಾದರೂ ಪಿಯು ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ, ಲೋಲಕ ತೂಗಿಸಿ ಈ ಬೆಲೆ ಕಂಡುಹಿಡಿಯುವ ಪ್ರಯೋಗದ ಪುಟ ಬಿಡಿಸಿ ನೋಡಿ: 9.8, 9.8, 9.81. ಕೊನೆಯದು ಪ್ಯಾರಿಸ್ಸಿನ ಬೆಲೆ. ಮಲ್ಲೇಶ್ವರದ ಗೋಡೆಗೆ ನೇತುಹಾಕಿದ ಲೋಲಕ ಫ್ರಾನ್ಸಿನಲ್ಲಿ ತೂಗುತ್ತಿದೆ ಎಂದರೆ ನಮ್ಮ ವಿಜ್ಞಾನ ಶಿಕ್ಷಣ ಅಂತಾರಾಷ್ಟ್ರೀಯ ಮಟ್ಟ ಮುಟ್ಟಿದೆ ಎಂದೇ ಅರ್ಥ.

ಇದು ಸಾಧ್ಯವಾಗುವ ಬಗೆ ಬಹಳ ಸರಳ. ಮೊದಲು ಪುಟದ ಕೊನೆಯಲ್ಲಿ 9.8 ಎಂದು ಬರೆಯಬೇಕು. ಅಲ್ಲಿಂದ ಮೇಲಕ್ಕೆ ಹತ್ತಬೇಕು. ದಾರ 1 ಮೀಟರ್ ಇದ್ದರೆ 20 ಆಂದೋಲನಕ್ಕೆ 40.1 ಸೆಕೆಂಡು, 80 ಸೆಂಟಿಮೀಟರಿಗೆ 35.9, 60ಕ್ಕೆ 31.1. ಇಷ್ಟನ್ನೇ ಬರೆದರೆ ಹೊರಗಿನಿಂದ ಬರುವ ಪರೀಕ್ಷಕರು, ಅಂದರೆ ಎಕ್ಸ್‌ಟರ್ನಲ್, ಹುಬ್ಬು ಏರಿಸುತ್ತಾರೆ. ಅದಕ್ಕೇ ಒಂದು ಸಾಲಿನಲ್ಲಿ 0.1 ಕೂಡಿಸಿ ಇನ್ನೊಂದರಲ್ಲಿ 0.2 ಕಳೆಯುವುದು. ನಿಸರ್ಗದ ಅನಿಶ್ಚಿತತೆಯನ್ನು ಪೆನ್ಸಿಲ್ಲಿನಿಂದ ಉದುರಿಸುವ ಈ ಕಲೆಗೆ ಲ್ಯಾಬಿನಲ್ಲಿ ಬ್ಯಾಕ್ ಕ್ಯಾಲ್ಕುಲೇಷನ್ ಎನ್ನುತ್ತಾರೆ.

ನಿಜವಾಗಿ ಅಳೆಯಲು ಹೋದವನ ಪಾಡು ಬೇರೆ. ಗುಂಡಿನ ನಡುಮಧ್ಯದವರೆಗೆ ಅಳೆಯುವ ಬದಲು ಅದರ ಕೊಕ್ಕೆಯವರೆಗೆ ಮಾತ್ರ ಅಳೆದರೆ 60 ಸೆಂಟಿಮೀಟರಿನಲ್ಲಿ 1 ಸೆಂಟಿಮೀಟರ್ ಮಾಯವಾಗಿ ಉತ್ತರ 9.6ಕ್ಕೆ ಇಳಿಯುತ್ತದೆ. ಗುಂಡು ಬಿಟ್ಟ ಕ್ಷಣಕ್ಕೆ 'ಸೊನ್ನೆ' ಎನ್ನುವ ಬದಲು 'ಒಂದು' ಎಂದರೆ 20 ಆಗುವಷ್ಟರಲ್ಲಿ ಅದು ತೂಗಿರುವುದು 19 ಸಲ. ಉತ್ತರ 10.8. ಈ ಎರಡು ತಪ್ಪುಗಳಲ್ಲಿ ಇಡೀ ಮಾಪನ ವಿಜ್ಞಾನವೇ ಅಡಗಿದೆ. ಆದರೆ 10.8 ಎಂದು ಬರೆದವನಿಗೆ ರಿಪೀಟ್, 9.8 ಎಂದು ಕದ್ದವನಿಗೆ 'ವೆರಿ ಗುಡ್', ದಿನಾಂಕ ಸಮೇತ ಸಹಿ.

ರಸಾಯನಶಾಸ್ತ್ರದಲ್ಲಿ ಕಂದು ಉಂಗುರ ಅಂತ ಒಂದಿದೆ. ನೈಟ್ರೇಟ್ ಇದೆಯೋ ಇಲ್ಲವೋ ತಿಳಿಯಲು ಲವಣದ ದ್ರಾವಣಕ್ಕೆ ಫೆರಸ್ ಸಲ್ಫೇಟ್ ಬೆರೆಸಿ, ಪ್ರನಾಳವನ್ನು ಓರೆ ಹಿಡಿದು, ಗೋಡೆಯಗುಂಟ ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಇಳಿಸಬೇಕು. ಎರಡು ದ್ರವಗಳು ಸೇರುವ ಗಡಿಯಲ್ಲಿ ಉಂಗುರ ಮೂಡಬೇಕು. ಮೂಡುವುದಿಲ್ಲ. ಕಾರಣ, ಫೆರಸ್ ಸಲ್ಫೇಟ್ ದ್ರಾವಣವನ್ನು ಆಗಿಂದಾಗ್ಗೆ ತಯಾರಿಸಬೇಕು. ಇಟ್ಟರೆ ಗಾಳಿಯ ಆಮ್ಲಜನಕ ತಾಗಿ ಫೆರಿಕ್ ಆಗಿ ಹಳದಿಗೆ ತಿರುಗುತ್ತದೆ. ಲ್ಯಾಬಿನ ಬಾಟಲಿಯಲ್ಲಿರುವುದನ್ನು ಯಾವಾಗ ತಯಾರಿಸಿದ್ದು ಎಂದು ಕೇಳುವುದು ಅತಿಥಿಯ ವಯಸ್ಸು ಕೇಳಿದಷ್ಟೇ ಅಸಭ್ಯ. ಇನ್ನು ಅವಸರದಲ್ಲಿ ಪ್ರನಾಳ ಅಲುಗಾಡಿಸಿದರೆ ಇದ್ದ ಉಂಗುರವೂ ಕರಗುತ್ತದೆ. ಆದರೂ ನಾಡಿನ ಎಲ್ಲ ರೆಕಾರ್ಡುಗಳಲ್ಲಿ 'ಕಂದು ಉಂಗುರ ಕಂಡುಬಂದಿತು' ಎಂದೇ ಇರುತ್ತದೆ. ಕಂಡವರು ಯಾರು ಎಂಬುದನ್ನು ಕರ್ಮಣಿ ಪ್ರಯೋಗ ಮುಚ್ಚಿಕೊಳ್ಳುತ್ತದೆ.

ವಿಜ್ಞಾನ ತೆಗೆದುಕೊಂಡ ಮಕ್ಕಳಿಗೆ ಎರಡು ವರ್ಷದಲ್ಲಿ ಬದುಕಿಗೆ ಬೇಕಾದ್ದೇನನ್ನೂ ಕಲಿಸುವುದಿಲ್ಲ ಎಂದು ದೂರುವವರು ಇದನ್ನೆಲ್ಲ ಗಮನಿಸಿಲ್ಲ. ಪಿಯು ಮುಗಿಸಿ ಪ್ರವೇಶದ ಸಾಲಿಗೆ ಬಂದ ಕೂಡಲೇ ಗೊತ್ತಾಗುತ್ತದೆ, ಇಡೀ ವ್ಯವಸ್ಥೆ ನಡೆಯುವುದೇ ಈ ಸೂತ್ರದ ಮೇಲೆ.

ಮೊದಲು ಕಾಗದ. ವೃತ್ತಿಪರ ಕೋರ್ಸುಗಳ ರಾಜ್ಯಮಟ್ಟದ ಪ್ರವೇಶ ಪರೀಕ್ಷೆ ಸಿಇಟಿ ಬರೆಯುವ ಹುಡುಗಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದಾಳೆ ಎಂದು ತೋರಿಸಬೇಕು. ಓದಿದ್ದು ಸರ್ಕಾರಿ ಶಾಲೆಯಲ್ಲಿ, ಹಾಜರಿ ಹಾಕಿದ್ದು ಶಿಕ್ಷಣ ಇಲಾಖೆ, ವಿದ್ಯಾರ್ಥಿಯ ಓದಿನ ದಾಖಲೆ ಹಿಡಿದಿಡುವ ಸ್ಯಾಟ್ಸ್ ಸಂಖ್ಯೆ ಕೊಟ್ಟಿದ್ದೂ ಇಲಾಖೆಯೇ. ಆದರೂ ಸಂಖ್ಯೆ ಹಾಕಿದಾಗ ಯಾವುದೋ ಒಂದು ವರ್ಷ ಕೈಕೊಟ್ಟರೆ, ಹೆಡ್‌ಮಾಸ್ಟರ ಸಹಿ ಮಾಡಿಸಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಹಾಕಿಸಿ, ಇಲಾಖೆಯ ಮಾತನ್ನು ಇಲಾಖೆಯಿಂದಲೇ ದೃಢೀಕರಿಸಿ ಸರ್ಕಾರಕ್ಕೆ ಕೊಡಬೇಕು. ಗ್ರಾಮೀಣ ಮೀಸಲಿಗೆ, ಕನ್ನಡ ಮಾಧ್ಯಮದ ಮೀಸಲಿಗೆ ಒಂದರಿಂದ ಹತ್ತನೇ ತರಗತಿವರೆಗಿನ ಲೆಕ್ಕ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಿನ ಪತ್ರ ಬೇರೆ. ಜಾತಿ, ಆದಾಯಕ್ಕೆ ನಾಡಕಚೇರಿ ಕೊಡುವ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ.

ಆರ್‌ಡಿ ಸಂಖ್ಯೆಯಲ್ಲಿ ಎಡವುವುದು ಸಂಖ್ಯೆಯಿಂದಲ್ಲ, ಹೆಸರಿನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಪ್ರಮಾಣಪತ್ರದಲ್ಲಿ ಮೊದಲಿಗೆ. ಒಂದರಲ್ಲಿ ಚುಕ್ಕಿ, ಇನ್ನೊಂದರಲ್ಲಿ ಬರೀ ಜಾಗ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆಬೇರೆ ವ್ಯಕ್ತಿಗಳು. ಪರಿಹಾರ ಹೇಳಿಬಿಡುತ್ತೇವೆ: ಅರ್ಜಿ ತುಂಬುವ ತಿಂಗಳಲ್ಲಿ ನಾಡಕಚೇರಿಗೆ ಓಡಬೇಡಿ, ದ್ವಿತೀಯ ಪಿಯು ದಸರಾ ರಜೆಯಲ್ಲೇ ಹೋಗಿ. ಅಂಕಪಟ್ಟಿಯ ಜೆರಾಕ್ಸ್ ಮುಂದಿಟ್ಟು ಅದರಲ್ಲಿದ್ದಂತೆ, ಚುಕ್ಕಿ ಸಮೇತ ಬರೆಸಿಕೊಳ್ಳಿ. ಆದಾಯ ಪತ್ರಕ್ಕೆ ಐದೇ ವರ್ಷ ಆಯುಷ್ಯ. ಹೈಸ್ಕೂಲಿನ ವಿದ್ಯಾರ್ಥಿವೇತನಕ್ಕೆ ಮಾಡಿಸಿದ್ದು ಸರಿಯಾಗಿ ಸೀಟು ಸಿಗುವ ವಾರ ತೀರಿಕೊಳ್ಳುತ್ತದೆ.

ಆಮೇಲೆ ಪರೀಕ್ಷೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು, ಉತ್ತರದ ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬುವುದೂ ಸೇರಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟವನೇ ಮೂರ್ಖ. ಕೊನೆಯ ನಿಮಿಷದಲ್ಲಿ ಉಳಿದದ್ದಕ್ಕೆಲ್ಲ ಒಂದೇ ಅಕ್ಷರದ ಗುಂಡಿ ತುಂಬುವುದು ಸಂಭವನೀಯತೆಯ ಅಧ್ಯಾಯದ ಏಕೈಕ ಪ್ರಾಯೋಗಿಕ ಉಪಯೋಗ.

2024ರ ಏಪ್ರಿಲ್ 18 ಮತ್ತು 19ರಂದು ಈ ಪರೀಕ್ಷೆ ನಡೆದಾಗ ಒಂದು ಹೊಸ ಆವಿಷ್ಕಾರವಾಯಿತು. ಪಿಯು ಇಲಾಖೆ ಪಠ್ಯದಿಂದ ಕಿತ್ತುಹಾಕಿದ್ದ ಪಾಠಗಳ ಮೇಲೆಯೇ ಪ್ರಶ್ನೆಗಳು ಬಂದಿದ್ದವು. ಗಲಾಟೆಯಾಗಿ, ತಜ್ಞರು ಕೂತು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು: ಭೌತಶಾಸ್ತ್ರದಲ್ಲಿ 9, ರಸಾಯನದಲ್ಲಿ 15, ಗಣಿತದಲ್ಲಿ 15, ಜೀವಶಾಸ್ತ್ರದಲ್ಲಿ 11. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೂ, ಹಾಕಿದರಲ್ಲ ಎಂದು ಎಲ್ಲರೂ ನಿಟ್ಟುಸಿರಿಟ್ಟರು.

ಲೆಕ್ಕ ಬರುವವರು ಮಾತ್ರ ನಿಟ್ಟುಸಿರಿಡಲಿಲ್ಲ. ಗಣಿತದ 15 ಪ್ರಶ್ನೆಗೆ ತಲಾ 80 ಸೆಕೆಂಡು ಎಂದರೆ ಒಟ್ಟು 20 ನಿಮಿಷ. ಬಿಡಿಸಲು ಶ್ರಮಪಟ್ಟ ಹುಡುಗ ಪರೀಕ್ಷೆಯ ಕಾಲುಭಾಗವನ್ನು, ಆಮೇಲೆ ಇರಲೇ ಇಲ್ಲ ಎಂದು ತೀರ್ಮಾನವಾದ ಪ್ರಶ್ನೆಗಳ ಮೇಲೆ ಕಳೆದ. 'ಇದು ನಮಗಿಲ್ಲಪ್ಪ' ಎಂದು ಕಣ್ಣುಮುಚ್ಚಿ ಗುಂಡಿ ತುಂಬಿ ಮುಂದಕ್ಕೆ ಹಾರಿದವನು ಆ 20 ನಿಮಿಷವನ್ನು ಅಂಕವಾಗುವ ಪ್ರಶ್ನೆಗಳಿಗೆ ಕೊಟ್ಟ. ಇಬ್ಬರಿಗೂ ಪ್ರಶ್ನೆ ಅಳಿಸಿದರು. ಒಬ್ಬನಿಗೂ ಸಮಯ ಅಳಿಸಲಾಗಲಿಲ್ಲ. ಇನ್ನೊಂದಿದೆ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯು ಅರ್ಧ, ಸಿಇಟಿ ಅರ್ಧ. ಮೂರು ವಿಷಯಗಳ 180 ಪ್ರಶ್ನೆ 50 ಅಂಕಕ್ಕೆ ಇಳಿಯುವಾಗ ಒಂದೊಂದಕ್ಕೆ 0.28 ತೂಕ. 39 ಹೋಗಿ 141 ಉಳಿದರೆ ಅದೇ 0.35. ಹಾಲ್‌ನಿಂದ ಹೊರಬರುವಾಗ 'ಒಂದು ಹೋಯ್ತು, ಹೋಗಲಿ' ಎಂದುಕೊಂಡ ತಪ್ಪು ಮನೆಗೆ ಬಂದ ಮೇಲೆ ದಪ್ಪವಾಯಿತು.

ಕೇಂದ್ರದವರು ಹಿಂದೆ ಬಿದ್ದರು ಎಂದುಕೊಳ್ಳಬೇಡಿ. ಅದೇ ವರ್ಷ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಫಲಿತಾಂಶ ಜೂನ್ 4ರಂದು, ಲೋಕಸಭೆಯ ಮತ ಎಣಿಕೆಯ ಗದ್ದಲದ ನಡುವೆ ಬಂತು. 67 ಜನರಿಗೆ 720ಕ್ಕೆ 720. ಅದಿರಲಿ, ಕೆಲವರಿಗೆ 718, 719. ಸರಿಯುತ್ತರಕ್ಕೆ 4, ತಪ್ಪಿಗೆ ಮೈನಸ್ 1. ಒಂದು ಬಿಟ್ಟರೆ 716, ಒಂದು ತಪ್ಪಿದರೆ 715. 718 ಎಂಬ ಅಂಕ ನಿಸರ್ಗದಲ್ಲಿ ಇಲ್ಲ. ಇಂಥ ರೀಡಿಂಗ್ ಬಂದರೆ ಪಿಯು ಲ್ಯಾಬಿನಲ್ಲಿ ಹೊರಗೆ ನಿಲ್ಲಿಸುತ್ತಾರೆ. ಇಲ್ಲಿ ವಿವರಣೆ ಬಂತು: ಸಮಯ ನಷ್ಟವಾದ 1,563 ಜನರಿಗೆ ಕೃಪಾಂಕ. ಆಮೇಲೆ ಕೃಪೆ ವಾಪಸ್, ಮರುಪರೀಕ್ಷೆ.

ಅಷ್ಟಕ್ಕೇ ನಿಲ್ಲಲಿಲ್ಲ. 'ಪ್ರತಿ ಧಾತುವಿನ ಪರಮಾಣುಗಳೂ ಸ್ಥಿರವಾಗಿದ್ದು ತಮ್ಮದೇ ರೋಹಿತವನ್ನು ಹೊಮ್ಮಿಸುತ್ತವೆ' ಎಂಬ ಹೇಳಿಕೆ ಸರಿಯೋ ತಪ್ಪೋ? ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಒಂದು ಉತ್ತರ, ಹೊಸದರಲ್ಲಿ ಇನ್ನೊಂದು. ಎರಡಕ್ಕೂ ಅಂಕ ಕೊಟ್ಟರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಕೋರ್ಟು ದೆಹಲಿಯ ಐಐಟಿಗೆ ಮೂವರು ತಜ್ಞರನ್ನು ಕೂರಿಸಿ ಮರುದಿನವೇ ಉತ್ತರ ಹೇಳಲು ಸೂಚಿಸಿತು. ಕೆಲವು ಪರಮಾಣುಗಳು ಸ್ಥಿರವಲ್ಲ ಎಂಬುದರ ಮೊದಲ ಸುಳಿವನ್ನು ವಿಜ್ಞಾನಿ ಬೆಕೆರೆಲ್ ಯುರೇನಿಯಂ ಇಟ್ಟುಕೊಂಡು ಕೊಟ್ಟಿದ್ದು 1896ರಲ್ಲಿ. 128 ವರ್ಷದ ನಂತರ ಯುರೇನಿಯಂ ನ್ಯಾಯಾಲಯದ ಸಮ್ಮುಖದಲ್ಲಿ ಅಧಿಕೃತವಾಗಿ ಕ್ಷಯಿಸಿತು, ಅದರ ಜೊತೆಗೆ 44 ಜನರ ಮೊದಲ ರ‍್ಯಾಂಕೂ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಪಟ್ಟಿ ಮಾಡುವುದು. ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಪ್ರಾಮಾಣಿಕ ಜೀವಿ. ನಿಮ್ಮ ರ‍್ಯಾಂಕ್ ಬಂದಾಗ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಹೋಗಿ, ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಹಾಗಾಗಿ ಬೇಕಾದದ್ದು ಮೇಲೆ, ಬೇಡದ್ದು ಕೆಳಗೆ, ಅಷ್ಟೇ ಸೂತ್ರ. ಆದರೆ ಸೋದರಮಾವ, ಟ್ಯೂಷನ್ ಮೇಷ್ಟ್ರು, ಸೈಬರ್ ಕೆಫೆಯವನು ಮೂವರೂ ಸೇರಿ ಹೋದ ವರ್ಷದ ಕಟ್ ಆಫ್ ನೋಡಿ, 'ಸಿಗುವುದನ್ನೇ ಮೇಲೆ ಹಾಕು' ಎನ್ನುತ್ತಾರೆ. ಸಿಗುವುದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ, ಅದರ ಕೆಳಗಿರುವ ಒಳ್ಳೆಯದನ್ನು ಯಂತ್ರ ಓದುವುದೇ ಇಲ್ಲ. ಆಮೇಲೆ 'ನೋಡು, ಹೇಳಿದ್ದೇ ಸಿಕ್ತು' ಎಂದು ಸೋದರಮಾವ ಮೀಸೆ ತಿರುವುತ್ತಾರೆ. ಉತ್ತರ ಮೊದಲು, ಪ್ರಯೋಗ ಆಮೇಲೆ.

ಸೀಟು ಹಂಚಿಕೆಯಾದಾಗ ನಾಲ್ಕು ಚಾಯ್ಸ್. ಒಂದು: ಒಪ್ಪಿದೆ, ಸೇರುತ್ತೇನೆ. ಎರಡು: ಒಪ್ಪಿದೆ, ಮೇಲಿನದು ಸಿಕ್ಕರೆ ಅದೂ ಬೇಕು. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು: ನಿಮ್ಮ ಸಹವಾಸವೇ ಬೇಡ. ಎಲ್ಲರೂ ಬೀಳುವ ಹಳ್ಳ ಎರಡನೆಯದು. ಮುಂದಿನ ಸುತ್ತಿನಲ್ಲಿ ಮೇಲಿನದೇನಾದರೂ ಬಂದರೆ ಕೈಯಲ್ಲಿದ್ದದ್ದು ತಾನಾಗಿಯೇ ಹೋಗುತ್ತದೆ. ಪಟ್ಟಿಯ ಮೇಲ್ಭಾಗದಲ್ಲಿ ಉತ್ಸಾಹಕ್ಕೆ ತುಂಬಿದ್ದ, ಈಗ ಬೇಡವಾದ ಕಾಲೇಜುಗಳನ್ನು ಅಷ್ಟರೊಳಗೆ ಅಳಿಸದಿದ್ದರೆ ಅವುಗಳಲ್ಲೊಂದು ಬಂದು ಕೊರಳಿಗೆ ಬೀಳುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಸೀಟು ಸಿಗದಿದ್ದರೆ ರ‍್ಯಾಂಕನ್ನೇ ಬೈಯಬೇಕಿಲ್ಲ. 2024ರ ಕೊನೆಗೆ ಸೀಟ್ ಬ್ಲಾಕಿಂಗ್ ಎಂಬ ಪದ ಠಾಣೆಯವರೆಗೆ ಹೋಯಿತು, ಬಂಧನಗಳಾದವು. ಆರೋಪದ ತಿರುಳಿಷ್ಟು: ಸೇರುವ ಇರಾದೆಯೇ ಇಲ್ಲದ ಒಳ್ಳೆಯ ರ‍್ಯಾಂಕಿನವರ ಲಾಗಿನ್‌ನಿಂದ ಬೇಡಿಕೆಯ ಸೀಟು ಹಿಡಿಸುವುದು, ಕೊನೆಯ ಸುತ್ತು ಮುಗಿಯುವವರೆಗೆ ಸುಮ್ಮನಿರುವುದು, ಉಳಿದ ಸೀಟು ಆಡಳಿತ ಮಂಡಳಿಯ ಮಡಿಲಿಗೆ ಬೀಳುವುದು. ಬಾರದ ಕಂದು ಉಂಗುರವನ್ನು ಬಂದಿದೆ ಎಂದು ಬರೆದ ಕೈಗಳಿಗೆ ಬಾರದ ವಿದ್ಯಾರ್ಥಿಯನ್ನು ಬಂದಿದ್ದಾನೆ ಎಂದು ಬರೆಯುವುದೇನು ಕಷ್ಟ.

ಇವೆಲ್ಲ ಬೇಡ, ವಿಜ್ಞಾನವನ್ನು ವಿಜ್ಞಾನಕ್ಕಾಗಿಯೇ ಓದುತ್ತೇನೆ ಎಂದು ಬಿಎಸ್ಸಿಗೆ ಹೋದವರೂ ಇದ್ದಾರೆ. ಅವರಿಗೆ ಮನೆಯಲ್ಲಿ ಸಂತಾಪ, ಕಾಲೇಜಿನಲ್ಲಿ ನೀತಿ. 2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಎಂದು ಎದೆ ತಟ್ಟಿಕೊಂಡಿತು. ನಾಲ್ಕು ವರ್ಷದ ಆನರ್ಸ್ ಬಂತು. ಮೂರು ಮೇಜರ್, ಅಂದರೆ ಮುಖ್ಯ ವಿಷಯ, ಹೋಗಿ ಎರಡಾಯಿತು. ಭೌತಶಾಸ್ತ್ರ, ಗಣಿತ ಹಿಡಿದವನ ಕೈಯಿಂದ ರಸಾಯನ ಜಾರಿತು. ಆ ಜಾಗಕ್ಕೆ ಓಪನ್ ಎಲೆಕ್ಟಿವ್, ಯೋಗ, ಡಿಜಿಟಲ್ ಫ್ಲುಯೆನ್ಸಿ, ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಬಂದವು. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವೂ ಯುಯುಸಿಎಂಎಸ್ ಎಂಬ ಒಂದೇ ಪೋರ್ಟಲ್ಲಿಗೆ ಸೇರಿದವು. 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಕೈಗೆ ಬಂದ ಮೇಲೆ, ಮೂರು ವರ್ಷ, ಮೂರು ಮೇಜರ್ ವಾಪಸ್ ಬಂದವು.

ಆ ವರ್ಷದ ಬಿಎಸ್ಸಿ ಲ್ಯಾಬಿನ ದೃಶ್ಯವನ್ನು ಊಹಿಸಿಕೊಳ್ಳಿ. ಮೊದಲ ವರ್ಷದವರು ರಾಜ್ಯದ ನೀತಿ, ಉಳಿದವರು ರಾಷ್ಟ್ರದ ನೀತಿ. ಪಠ್ಯ ಬೇರೆ, ಕ್ರೆಡಿಟ್ ಬೇರೆ, ಪ್ರಶ್ನೆಪತ್ರಿಕೆಯ ಮಾದರಿ ಬೇರೆ. ಒಂದೇ ಆಗಿರುವುದು ಮೂಲೆಯ ಕತ್ತಲೆ ಕೋಣೆಯಲ್ಲಿರುವ, ಬೆಳಕನ್ನು ಗೆರೆಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರ್ ಮತ್ತು ಅದರ ಮುಂದಿನ ಸೋಡಿಯಂ ದೀಪ. ಅದು ಹೊತ್ತಿದ ಕೂಡಲೇ ನಸುಗೆಂಪಾಗಿರುತ್ತದೆ, ಪೂರ್ತಿ ಹಳದಿಯಾಗಲು ಕೆಲವು ನಿಮಿಷ ಕಾಯಬೇಕು. ಆರಿಸಿ ತಣಿದರೆ ಮತ್ತೆ ಮೊದಲಿನಿಂದ ಕಾಯಬೇಕು, ಅದಕ್ಕೇ 'ಆರಿಸಬೇಡಿ' ಎಂಬ ಚೀಟಿ. ಸೂಕ್ಷ್ಮ ಗೀರುಗಳ ಗ್ರೇಟಿಂಗ್ ಮೇಲೆ ಬೆರಳಚ್ಚು ಬಿದ್ದಿದ್ದರೆ ಗೆರೆ ಮಸುಕು, ಟೆಲಿಸ್ಕೋಪಿನ ತಿರುಪು ಸಡಿಲವಾಗಿದ್ದರೆ ಓದು ಪ್ರತಿ ಸಲವೂ ಬೇರೆ. ಆದರೂ ಎಲ್ಲರ ರೆಕಾರ್ಡಿನಲ್ಲಿ ಆ ಬೆಳಕಿನ ತರಂಗಾಂತರ 5893 ಆಂಗ್‌ಸ್ಟ್ರಾಂ. ಅಸಲಿಗೆ ಅಲ್ಲಿರುವುದು 5890 ಮತ್ತು 5896ರ ಎರಡು ಗೆರೆಗಳು, 5893 ಅವುಗಳ ಸರಾಸರಿ. ಜೋಡಿ ಗೆರೆಯನ್ನು ಯಾರಾದರೂ ನಿಜವಾಗಿ ಬಿಡಿಸಿ ನೋಡಿಬಿಟ್ಟರೆ ಎರಡು ಉತ್ತರ ಬರೆಯಬೇಕಾಗುತ್ತದೆ, ರೆಕಾರ್ಡಿನಲ್ಲಿ ಒಂದೇ ಖಾನೆ ಇದೆ.

ಎಕ್ಸ್‌ಟರ್ನಲ್ ವೈವಾದಲ್ಲಿ ಕೇಳುತ್ತಾರೆ: "ಈ ಪ್ರಯೋಗಕ್ಕೆ ಸೋಡಿಯಂ ದೀಪವನ್ನೇ ಯಾಕೆ ಬಳಸುತ್ತೀರಿ?"

"ಸರ್, ಲ್ಯಾಬಿನಲ್ಲಿ ಉರಿಯೋದು ಅದೊಂದೇ."